ಎರಡು ಬಗೆಯ ಬೇಡ

ನಮ್ಮ ದೊಡ್ಡಮ್ಮನ ಕಪಾಟಿನಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚು. ಅವೂ ಓದುವ ಪುಸ್ತಕಗಳಲ್ಲ, ಕಾಗದ ಮಡಚುವುದನ್ನು ಕಲಿಸುವ ಒರಿಗಾಮಿ ಪುಸ್ತಕಗಳು. ಅರ್ಧಕ್ಕರ್ಧ ಅವಳಿಗೆ ತಿಳಿಯದ ಭಾಷೆಯವು. ಕೇಳಿದರೆ, "ಓದೋಕೆ ಏನಿದೆ ಅದರಲ್ಲಿ? ಬಾಣ ಎತ್ತ ಹೋಗುತ್ತೋ ಅತ್ತ ಬೆರಳು ಹೋದ್ರೆ ಸಾಕು" ಎನ್ನುತ್ತಾಳೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ನಾವಿರುವ ಕಟ್ಟಡದಲ್ಲೇ, ನಮ್ಮ ಕೆಳಗಿನ ಮನೆ. ಮಕ್ಕಳಿಲ್ಲ. ಲಾಂಡ್ರಿಯೊಂದರಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ದೊಡ್ಡಪ್ಪ ರಟ್ಟಿನ ಡಬ್ಬಿಗಳ ಕಾರ್ಖಾನೆಯಲ್ಲಿದ್ದರು. ಮನೆಗೆ ಯಾರು ಬಂದರೂ ಅವರದು ಒಂದೇ ತಮಾಷೆ: "ನಾನು ದಿನವಿಡೀ ಮಡಿಕೆ ಹಾಕ್ತೀನಿ, ಇವಳು ದಿನವಿಡೀ ಮಡಿಕೆ ತೆಗೀತಾಳೆ. ಲೋಕದ ಲೆಕ್ಕ ಸರಿಹೋಯ್ತು."

ಹೀಗೆ ನಗಿಸುತ್ತಿದ್ದ ಮನುಷ್ಯನಿಗೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ, ಒಂದು ಮಾತು ಉಳಿಯಿತು: "ಬೇಡ." ಜೀವಮಾನವಿಡೀ ಯಾರು ಏನು ಕೇಳಿದರೂ "ಆಗ್ಲಿ ಬಿಡಿ" ಎಂದು ತಲೆಯಾಡಿಸಿದವರ ಬಾಯಲ್ಲಿ ಅದೇ ಯಾಕೆ ಉಳಿಯಿತೋ. ಊಟ ಬೇಕೇ ಎಂದರೆ ಬೇಡ, ಕಿಟಕಿ ತೆರೆಯಲೇ ಎಂದರೆ ಬೇಡ. ಬೇಕಿದ್ದರೂ ಬೇಡ, ಬೇಡದಿದ್ದರೂ ಬೇಡ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಎಡಗೈಗೆ ಕೆಲಸವಿರಲಿ ಎಂದು ಒಂದು ತೆಳ್ಳನೆಯ ಒರಿಗಾಮಿ ಪುಸ್ತಕ ಕೊಟ್ಟು ಹೋದಳು. ಒಂದು ಕೈಯಲ್ಲಿ ಕಾಗದ ಮಡಚುವುದು ಸಾಧ್ಯವೇ? ದೊಡ್ಡಮ್ಮ ಪಕ್ಕದಲ್ಲಿ ಕುಳಿತು ತನ್ನ ಬಲಗೈ ಸೇರಿಸಿದಳು. ಅವರ ಎಡಗೈ ಮೂಲೆ ಒತ್ತಿ ಹಿಡಿಯುತ್ತಿತ್ತು, ಇವಳ ಬಲಗೈ ಅಂಚು ತಂದು ಕೂಡಿಸಿ ಉಗುರಿನಲ್ಲಿ ಗೀರುತ್ತಿತ್ತು. ಇವಳ ಎಡಗೈ ಸುಮ್ಮನೆ ತೊಡೆಯ ಮೇಲಿರುತ್ತಿತ್ತು. ಮೊದಲ ದೋಣಿ ನೆಟ್ಟಗಾಗಲು ಒಂದು ವಾರ ಹಿಡಿಯಿತೆಂದು ನೆನಪು. ಒಳಕ್ಕೆ ಮಡಚುವುದಕ್ಕೆ ಹೊಟ್ಟೆಮಡಿಕೆ, ಹೊರಕ್ಕೆ ಮಡಚುವುದಕ್ಕೆ ಬೆನ್ನುಮಡಿಕೆ ಎಂದು ದೊಡ್ಡಮ್ಮನೇ ಹೆಸರಿಟ್ಟಳು.

ಆ ಪುಸ್ತಕ ಮುಗಿದ ಮೇಲೆ ಇನ್ನೊಂದು ಬೇಕಾಯಿತು. ಹೀಗೆ ಶುರುವಾದದ್ದು ಹಳೆ ಪುಸ್ತಕದಂಗಡಿಯ ಓಡಾಟ. ಅಂಗಡಿಯವನ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ. ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕ ಇರುತ್ತಿದ್ದುದರಿಂದ ನಾವು ಕರೆಯುವುದು ನಾಲ್ಕುಕಣ್ಣ ಎಂದು.

ದೊಡ್ಡಮ್ಮ ಪುಸ್ತಕ ಆರಿಸುವುದನ್ನು ನೋಡಬೇಕಿತ್ತು. ಮುಖಪುಟದ ಬಣ್ಣಬಣ್ಣದ ನವಿಲು, ಡೈನೋಸಾರುಗಳಿಗೆ ಅವಳು ಮರುಳಾಗುತ್ತಿರಲಿಲ್ಲ. ಪುಸ್ತಕವನ್ನು ನಡುವೆ ತೆರೆದು ಮೇಜಿನ ಮೇಲಿಟ್ಟು ಕೈಬಿಡುವಳು. ತಾನಾಗಿ ಮುಚ್ಚಿಕೊಂಡರೆ ಅದು ವಾಪಸ್ಸು. "ಇರೋ ಕೈಯೆಲ್ಲಾ ಕಾಗದದ ಮೇಲಿರುತ್ತೆ, ಹಾಳೆ ಹಿಡ್ಕೊಳ್ಳೋಕೆ ನೀನು ಬರ್ತೀಯೇನಪ್ಪಾ?" ಎಂದು ನಾಲ್ಕುಕಣ್ಣನನ್ನೇ ಗದರುವಳು. ಆಮೇಲೆ ಕಷ್ಟದ ಪುಟವೊಂದನ್ನು ಹುಡುಕಿ ಚಿತ್ರದಿಂದ ಚಿತ್ರಕ್ಕೆ ಬೆರಳಾಡಿಸುವಳು. ಒಮ್ಮೆ ಹೀಗೇ ತಡೆದು ನಿಂತು, "ಈ ಚಿತ್ರದಲ್ಲಿ ಇನ್ನೂ ಕಾಗದ. ಮುಂದಿನ ಚಿತ್ರಕ್ಕೆ ಕಪ್ಪೆ ಕಣ್ಣುಬಿಟ್ಕೊಂಡು ಕೂತಿದೆ! ನಡುವೆ ಏನಾಯ್ತು ಅಂತ ಬರೆದವನ ಅಮ್ಮನ್ನ ಕೇಳ್ಬೇಕಾ?" ಎಂದದ್ದಕ್ಕೆ ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು.

ಕೊನೆಯ ತೀರ್ಮಾನ ಮಾತ್ರ ಗಾಲಿಕುರ್ಚಿಯಲ್ಲಿದ್ದ ದೊಡ್ಡಪ್ಪನದು. ಪುಸ್ತಕವನ್ನು ಅವರ ಮುಖದೆದುರು ಹಿಡಿದು, "ಇದು?" ಎನ್ನುವಳು. ಅವರು "ಬೇಡ" ಎನ್ನುವರು. ಮೊದಲ ಸಲ ನಾಲ್ಕುಕಣ್ಣ ಪುಸ್ತಕವನ್ನು ಮರಳಿ ಕಪಾಟಿಗೆ ಸೇರಿಸಿಬಿಟ್ಟಿದ್ದ.

"ಅಯ್ಯೋ, ಯಾಕಪ್ಪಾ ಇಟ್ಟೆ? ಕಟ್ಟಿಕೊಡು. ಅವರು ಬೇಕು ಅಂದ್ರು."

"ಬೇಡ ಅಂದ್ರಲ್ಲಮ್ಮಾ?"

"ಅದು ಎಳೆದು ಹೇಳಿದ ಬೇಡ. ಎಳೆದ್ರೆ ಬೇಕು ಅಂತ, ಮೊಟಕು ಮಾಡಿದ್ರೆ ಬೇಡ ಅಂತ. ಇಷ್ಟೂ ಗೊತ್ತಾಗಲ್ವಾ?"

ನನ್ನ ಅಮ್ಮ ಇದನ್ನೇ ಹಿಡಿದು ಛೇಡಿಸುತ್ತಿದ್ದಳು. "ಅಲ್ಲ ಅಕ್ಕಾ, ಭಾವ ಬೇಡ ಬೇಡ ಅಂತ ಬಡ್ಕೊಂಡ್ರೂ ಪುಸ್ತಕ ಹೊತ್ಕೊಂಡು ಬರ್ತೀಯಲ್ಲ, ನೀನೆಂಥ ಹೆಂಡತಿ?"

"ನಿನಗೆ ಸಂಗೀತ ಗೊತ್ತಿಲ್ಲ, ಸುಮ್ನಿರು" ಎನ್ನುವಳು ದೊಡ್ಡಮ್ಮ.

ಹೀಗೆ ಕಪಾಟಿನ ಒಂದು ಅರೆ ತುಂಬಿತು, ಎರಡನೆಯದೂ ತುಂಬಿತು. ನಾನು ಮದುವೆಯಾದೆ, ಮಗಳು ಹುಟ್ಟಿದಳು. ಅವಳ ತೊಟ್ಟಿಲ ಮೇಲೆ ತೂಗಿದ್ದೆಲ್ಲ ಆ ಎರಡು ಕೈಗಳ ಮೀನು, ಹಕ್ಕಿ, ಚಿಟ್ಟೆಗಳೇ.

ಕಳೆದ ಚಳಿಗಾಲದಲ್ಲಿ ದೊಡ್ಡಪ್ಪನ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಡಾಕ್ಟರು ದೊಡ್ಡಮ್ಮನನ್ನು ಕರೆದು, ಉಸಿರಾಟಕ್ಕೆ ಗಂಟಲಿನಲ್ಲಿ ಕೊಳವೆ ಇಡಬಹುದು, ಇಟ್ಟರೆ ಉಳಿಯಬಹುದು, ಉಳಿಯದೆಯೂ ಇರಬಹುದು, ಅವರಿಗೆ ಎಚ್ಚರವಿದೆ, ಕೇಳಿ ಹೇಳಿ ಎಂದರು. ಮಗುವನ್ನು ಎತ್ತಿಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ. ದೊಡ್ಡಮ್ಮ ಬಗ್ಗಿ, ಪುಸ್ತಕ ತೋರಿಸುವಾಗಿನ ದನಿಯಲ್ಲೇ, "ಕೊಳವೆ ಹಾಕ್ತಾರಂತೆ. ಹಾಕಿಸೋಣ್ವಾ?" ಎಂದಳು.

ಅವರು "ಬೇಡ" ಎಂದರು.

ಮೂಗು ಬಾಯಿ ಮುಚ್ಚುವ ಆಮ್ಲಜನಕದ ಮುಖವಾಡ. ಒಳಗೆ ಗಾಳಿಯ ಬುಸುಬುಸು. ಆ ಮಾತು ಎಳೆದದ್ದೋ ಮೊಟಕಾದದ್ದೋ, ಅದೆಲ್ಲಿ ಮುಗಿದು ಉಸಿರು ಎಲ್ಲಿ ಶುರುವಾಯಿತೋ ತಿಳಿಯುವಂತಿರಲಿಲ್ಲ. ದೊಡ್ಡಮ್ಮ ಬಹಳ ಹೊತ್ತು ಅವರ ಮುಖ ನೋಡಿದಳು. ಇನ್ನೊಮ್ಮೆ ಕೇಳಿದಳು. ಅವರು ಕಣ್ಣು ಮುಚ್ಚಿದ್ದರು. ಹೊರಗೆ ಬಂದು, "ಬೇಡ ಅಂದ್ರು" ಎಂದಳು. ಮರುದಿನ ದೊಡ್ಡಪ್ಪ ಇರಲಿಲ್ಲ.

ಆಮೇಲೆ ದೊಡ್ಡಮ್ಮ ಅತ್ತದ್ದನ್ನು ನಾನು ಕಾಣೆ. ಪಾತ್ರೆ ತೊಳೆಯುವಳು, ನೆಲ ಒರೆಸುವಳು, ನನ್ನ ಮಗಳಿಗೆ ತಲೆ ಬಾಚುವಳು. ಕಪಾಟಿನ ಬಾಗಿಲನ್ನು ಮಾತ್ರ ತೆಗೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗಳು ಹಳೆ ಪತ್ರಿಕೆ ತಂದು "ಹಕ್ಕಿ ಮಾಡಜ್ಜೀ" ಎಂದು ಪೀಡಿಸಿದಾಗ, "ಅಜ್ಜಿಗೆ ಒಂದೇ ಕೈ ಪುಟ್ಟಾ" ಎಂದಳು. ಮಗು ಅವಳ ಎರಡೂ ಕೈ ಹಿಡಿದು ನೋಡಿ, ಸುಳ್ಳು ಹೇಳಿದೆ ಎಂದು ಮುನಿಸಿಕೊಂಡಿತು.

ಮಗು ಮಲಗಿದ ಮೇಲೆ ಅವಳೇ ಬಾಯಿಬಿಟ್ಟಳು. "ಆವತ್ತು ನನಗೆ ಗೊತ್ತಾಗಲಿಲ್ಲ ಕಣೇ, ಅದು ಯಾವ ಬೇಡ ಅಂತ. ಸಾಕು ಅನ್ನಿಸಿರಬೇಕು ಅವರಿಗೆ ಅಂದ್ಕೊಂಡು ಹೇಳಿಬಿಟ್ಟೆ. ಅದನ್ನ ತಪ್ಪು ಕೇಳಿದ್ರೆ ಉಳಿದಿದ್ದೆಲ್ಲ ಸರಿಯಾಗೇ ಕೇಳಿದ್ದೆ ಅಂತ ಏನು ನಂಬಿಕೆ? ಈ ಪುಸ್ತಕಗಳು ಅವರಿಗೆ ಬೇಕಿತ್ತೋ ಇಲ್ವೋ."

"ಬೇಡದಿದ್ರೆ ಅಷ್ಟು ವರ್ಷ ಕೈ ಕೊಡ್ತಿದ್ರಾ?" ಎಂದೆ.

"ಆಗ್ಲಿ ಬಿಡಿ ಅನ್ನೋ ಮನುಷ್ಯ. ಕೊಡದೆ ಏನು ಮಾಡ್ತಾರೆ?"

ಮನೆಯಲ್ಲೇ ಕೂತು ಕೊರಗುವುದಕ್ಕಿಂತ ನಾಲ್ಕು ಹೆಜ್ಜೆ ನಡೆದು ಬರಲಿ ಅನ್ನಿಸಿತು. ಒಂದು ಪುಸ್ತಕ ಎತ್ತಿಟ್ಟಿದ್ದೇನೆಂದು ನಾಲ್ಕುಕಣ್ಣ ಹೇಳಿಕಳಿಸಿದ್ದ. ಅದೇ ನೆಪಕ್ಕೆ ಮೊನ್ನೆ ಅವಳನ್ನು ಹೊರಡಿಸಿದೆ.

ಅವನು ಎತ್ತಿಟ್ಟದ್ದು ಹಕ್ಕಿಗಳ ಪುಸ್ತಕ. ದೊಡ್ಡಮ್ಮ ಮೇಜಿನ ಮೇಲೆ ತೆರೆದಿಟ್ಟು ಕೈಬಿಟ್ಟಳು. ತೆರೆದೇ ನಿಂತಿತು. ಕೊಕ್ಕರೆಯ ಪುಟದಲ್ಲಿ ಬೆರಳಾಡಿಸಿದಳು. ಎಲ್ಲೂ ತಡೆಯಲಿಲ್ಲ. ಆಮೇಲೆ ಪುಸ್ತಕ ಎತ್ತಿಕೊಂಡು ಪಕ್ಕಕ್ಕೆ ತಿರುಗಿದಳು. ಗಾಲಿಕುರ್ಚಿ ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತಿದ್ದೆ, ಸೊಂಟದಲ್ಲಿ ಮಗಳು. ಪುಸ್ತಕ ಹಿಡಿದ ಕೈ ಹಾಗೇ ಕೆಳಗಿಳಿಯಿತು.

"ನೀನಿದ್ದೆಯಲ್ಲ ಆವತ್ತು, ಬಾಗಿಲಲ್ಲಿ. ನಿನಗೆ ಯಾವುದು ಕೇಳಿಸ್ತು?"

ಸುಳ್ಳು ಹೇಳುವುದು ಸುಲಭವಿತ್ತು. ಅವಳು ನಂಬುತ್ತಿರಲಿಲ್ಲ, ಅಷ್ಟೇ. "ದೊಡ್ಡಮ್ಮಾ, ನನಗೆ ಯಾವತ್ತೂ ಎರಡೂ ಒಂದೇ ಥರ ಕೇಳಿಸ್ತಿದ್ದವು."

ಅವಳು ನಾಲ್ಕುಕಣ್ಣನ ಕಡೆ ನೋಡಿದಳು. ಅವನು ಹಣೆಯ ಕನ್ನಡಕ ತೆಗೆದು ಒರೆಸತೊಡಗಿದ. "ನನಗೂ ಅಷ್ಟೇ ಅಮ್ಮಾ. ಬೈಸಿಕೊಂಡ ಮೇಲೆ ಒಂದೆರಡು ಸಲ ಕಿವಿಗೊಟ್ಟು ನೋಡ್ದೆ, ಗೊತ್ತಾಗಲಿಲ್ಲ. ಆಮೇಲೆ ನಿಮ್ಮ ಮುಖ ನೋಡ್ಕೊಂಡು ಕಟ್ಟಿಕೊಡ್ತಿದ್ದೆ."

"ನನ್ನ ಮುಖಾನಾ?"

"ಹೂಂ. ನಿಮಗೆ ಇಷ್ಟವಾಗಿದ್ರೆ ಮುಖದಲ್ಲೇ ಕಾಣ್ತಿತ್ತು. ಅವರು ಬಾಯಿ ತೆಗೆಯೋ ಮೊದಲೇ ನಾನು ದಾರ ಹುಡುಕ್ತಿದ್ದೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ದೊಡ್ಡಮ್ಮ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಮಗಳು ಕೊಸರಾಡಿದ್ದಕ್ಕೆ ಅವಳನ್ನು ಕೆಳಗಿಳಿಸಿದೆ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಎದ್ದು, ಹಕ್ಕಿಗಳ ಪುಸ್ತಕವನ್ನು ಅವನಿಗೆ ಮರಳಿಸಿ, ಕೆಳಗಿನ ಸಾಲಿನಿಂದ ಇನ್ನೊಂದನ್ನು ಎಳೆದಳು. ಕಾಗದದ ಡಬ್ಬಿಗಳನ್ನು ಮಾಡುವ ಪುಸ್ತಕ. "ಇದರ ಮೇಲೆ ಕಣ್ಣಿತ್ತು ನನಗೆ. ಪಾಪ, ಜೀವಮಾನವಿಡೀ ಡಬ್ಬಿ ಮಡಚಿದವರಿಗೆ ಮತ್ತೆ ಡಬ್ಬಿ ಯಾಕೆ ಅಂತ ತೋರಿಸಿರ್ಲೇ ಇಲ್ಲ. ಇದನ್ನೇ ಕಟ್ಟಿಕೊಡಪ್ಪಾ" ಎಂದಳು.

ದಾರಿಯಲ್ಲಿ ಅವಳು ನನಗಿಂತ ಮುಂದೆ ನಡೆಯುತ್ತಿದ್ದಳು. ರಸ್ತೆ ದಾಟಲು ನಿಂತಾಗ, ತಿರುಗದೆಯೇ ಹೇಳಿದಳು: "ಎಲ್ಲರೂ ನನ್ನ ಮುಖ ನೋಡ್ತಿದ್ರಿ. ನಾನೊಬ್ಬಳು ಅವರ ಮುಖ ನೋಡ್ತಿದ್ದೆ."

"ದೊಡ್ಡಮ್ಮಾ…"

"ಆಸ್ಪತ್ರೆ ಮಾತೂ ನಂದೇ ಆಯ್ತು ಹಾಗಾದ್ರೆ."

"ಕೊಳವೆ ಹಾಕಿದ್ರೆ ಉಳಿದೇ ಉಳೀತಿದ್ರು ಅಂತ ಡಾಕ್ಟರು ಹೇಳ್ಲಿಲ್ವಲ್ಲ."

"ಅದು ಬೇರೆ. ಅವರದೇ ಮಾತು, ನಾನು ಬರೀ ಮುಟ್ಟಿಸಿದೆ ಅಂತ ಇಷ್ಟು ದಿನ ಅಳಲೂ ಇಲ್ಲ ನಾನು. ನಂದು ಅಂದ್ಮೇಲೆ ನಾನೇ ಹೊರಬೇಕು." ಅಷ್ಟು ಹೇಳಿ, ರಸ್ತೆಯ ಅಂಚಿನಲ್ಲೇ, ಪುಸ್ತಕದ ಕಟ್ಟನ್ನು ಎದೆಗೆ ಒತ್ತಿಕೊಂಡು ಅತ್ತಳು. ವಾಹನಗಳು ನಿಂತವು, ಹೊರಟವು, ಮತ್ತೆ ನಿಂತವು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟಿದ್ದೆ. ಕಡೆಗೆ ಅವಳೇ ಮೂಗೊರೆಸಿಕೊಂಡು, "ನಡಿ, ಮಗುಗೆ ಹಸಿವಾಗಿರುತ್ತೆ" ಎಂದಳು.

ಸಂಜೆ ಹಾಲು ಕೊಡಲು ಕೆಳಗೆ ಹೋದಾಗ ಕಪಾಟಿನ ಬಾಗಿಲು ತೆರೆದಿತ್ತು. ಹೊಸ ಪುಸ್ತಕವನ್ನು ಅವಳು ತುಂಬಿದ ಎರಡು ಅರೆಗಳಿಗೆ ಸೇರಿಸಿರಲಿಲ್ಲ. ಬಟ್ಟೆಗಳನ್ನು ಸರಿಸಿ, ಮೂರನೆಯ ಅರೆಯನ್ನು ಖಾಲಿ ಮಾಡಿ ಅಲ್ಲಿ ನಿಲ್ಲಿಸುತ್ತಿದ್ದಳು. ಒಂಟಿ ಪುಸ್ತಕ, ಆನಿಕೊಳ್ಳಲು ಪಕ್ಕದಲ್ಲಿ ಏನೂ ಇಲ್ಲದೆ ಜಾರಿ ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಮೂರನೆಯ ಸಲ ಅವಳು ಅದನ್ನು ಮಲಗಿಸಿಯೇ ಇಟ್ಟಳು.