ಗಂಡನ ಬ್ಯಾಚಿನ ಮೂರನೆಯ ಮಣಿ

ಔಷಧ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಆಕೆಯನ್ನು ಎಲ್ಲರೂ ‘ಇನ್ನೊಂದ್ಸಲ ಅಕ್ಕ’ ಎಂದೇ ಕರೆಯುತ್ತಿದ್ದರು. ಯಾವ ಫಲಿತಾಂಶ ತಂದುಕೊಟ್ಟರೂ ಕನ್ನಡಕ ಹಣೆಗೇರಿಸಿ “ಇನ್ನೊಂದ್ಸಲ ನೋಡೋಣ” ಅನ್ನುವುದು ಇಪ್ಪತ್ತೆರಡು ವರ್ಷಗಳ ಚಾಳಿ. ಗಂಡನಿಗೆ ಅದೇ ಕಾರ್ಖಾನೆಯ ಕೆಳಮಹಡಿಯಲ್ಲಿ ಪೆಪ್ಟೈಡ್ ತಯಾರಿಸುವ ಕೆಲಸ. ಅಂದರೆ ಅಮೈನೋ ಆಮ್ಲಗಳನ್ನು ಮಣಿಗಳಂತೆ ಒಂದೊಂದಾಗಿ ಪೋಣಿಸುವುದು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು, ಒಂದೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು.

ಆ ವಾರ ಅವನ ಬ್ಯಾಚು ಪರೀಕ್ಷೆಗೆ ಬಂತು. ಅಣುವಿನ ತೂಕ ಅಳೆಯುವ ಯಂತ್ರ ಸರಿ ಅಂದಿತು. ಆದರೆ ಮಣಿಯೊಂದು ತನ್ನ ಕನ್ನಡಿ ಬಿಂಬದ ರೂಪಕ್ಕೆ ತಿರುಗಿ ಕೂತರೆ ತೂಕದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣದು. ಔಷಧ ಮಾತ್ರ ಕೆಲಸಕ್ಕೆ ಬಾರದಾಗುತ್ತದೆ. ಅದಕ್ಕೇ ಆಕೆ ಪುಡಿಯನ್ನು ಆಮ್ಲದಲ್ಲಿ ಕುದಿಸಿ, ಮಣಿ ಬಿಡಿಸಿ, ಎಡ-ಬಲ ರೂಪಗಳನ್ನು ಬೇರೆ ಬೇರೆ ಹೊತ್ತಿಗೆ ಹೊರಬಿಡುವ ಕೊಳವೆಯಲ್ಲಿ ಹಾಯಿಸಿದಳು. ಪರದೆಯ ಮೇಲೆ ಮೂರನೆಯ ಮಣಿಯ ಶಿಖರದ ಪಕ್ಕ ಪುಟ್ಟದೊಂದು ದಿಬ್ಬ ಎದ್ದಿತು. ಅದು ತಿರುಗಿ ಕೂತ ಮಣಿಯ ಗುರುತು.

ಊಟದ ಹೊತ್ತಿಗೆ ಹೇಳಿದಳು. “ರೀ, ನಿಮ್ಮ ಬ್ಯಾಚಲ್ಲಿ ತಿರುಗಿದ್ದು ಸೇರಿದೆ.”

“ನೀನು ಕುದಿಸ್ತೀಯಲ್ಲ, ಆವಾಗ್ಲೇ ತಿರುಗಿರಬಾರ್ದಾ? ಮನೇಲೂ ನಾನೇ ತಪ್ಪು, ಇಲ್ಲೂ ನಾನೇ ತಪ್ಪು!” ಅವನು ಡಬ್ಬಿ ದೂಡಿ ಎದ್ದ.

ಮಾತು ಚುಚ್ಚಿತಾದರೂ ಅದರಲ್ಲಿ ಹುರುಳಿತ್ತು. ಆಕೆ ಮಾಮೂಲಿ ನೀರಿನ ಬದಲು ಭಾರಜಲದಲ್ಲಿ ಮಾಡಿದ ಆಮ್ಲದಲ್ಲಿ ಮತ್ತೆ ಕುದಿಸಿದಳು. ಕುದಿಯುವಾಗ ತಿರುಗಿದ ಮಣಿ ಭಾರದ ಹೈಡ್ರೋಜನ್ ಹಿಡಿದು ಒಂದಂಕ ಹೆಚ್ಚು ತೂಗುತ್ತದೆ. ಮೊದಲೇ ತಿರುಗಿದ್ದು ಹಳೆಯ ತೂಕದಲ್ಲೇ ಉಳಿಯುತ್ತದೆ. ತಿರುಗಿದ್ದೆಲ್ಲವೂ ಭಾರವಾಗಿಯೇ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗೆ ಬಂದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕೆಳಮಹಡಿಯಲ್ಲೇ ತಿರುಗಿದ್ದು. ವರದಿ ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟಳು.

ಎರಡು ದಿನ ಸ್ಕೂಟರಿನಲ್ಲಿ ಪಿಟ್ಟೆನ್ನದ ಪ್ರಯಾಣ. ಮನೆಯಲ್ಲಿ ಮಗಳೇ ಅಂಚೆ: “ಅಮ್ಮಂಗೆ ಹೇಳು, ನಂಗೆ ಟೀ ಬೇಡ ಅಂತ.”

ಮೂರನೆಯ ದಿನ ಅವನು ಪರೀಕ್ಷಾ ಕೋಣೆಯ ಬಾಗಿಲಲ್ಲಿ ಬಂದು ನಿಂತ. “ಆವತ್ತು ಪೋಣಿಸೋವಾಗ ಬೇಗ ಮುಗೀಲಿ ಅಂತ ಬಿಸಿ ಏರಿಸಿದ್ದೆ ಕಣೇ, ಅದಕ್ಕೇ ತಿರುಗಿದೆ. ಮ್ಯಾನೇಜರಿಗೂ ಹೇಳಿ ಬಂದೆ.”

“ಬೈದ್ರಾ?”

“ಹೊಟ್ಟೆ ತುಂಬಾ.” ಸ್ವಲ್ಪ ತಡೆದು ಕೇಳಿದ: “ಎರಡನೇ ಸಲ ಕುದಿಸಿದಾಗ ಏನು ಬಂತು ಅಂತ, ವರದಿ ಕೊಡೋಕೆ ಮುಂಚೆ ನಂಗೊಂದು ಮಾತು ಹೇಳಬಹುದಿತ್ತಲ್ವಾ?”

“ನಿಮ್ಮ ಮುಖ ನೋಡಿದ್ದಿದ್ರೆ ಸಹಿ ಹಾಕೋಕೆ ಕೈ ಬರ್ತಿರ್ಲಿಲ್ಲ ರೀ.”

ಅವನು ಸ್ಟೂಲೆಳೆದು ಕೂತ. ಆಕೆ ಪರದೆಯನ್ನು ಅವನತ್ತ ತಿರುಗಿಸಿ, ಬೆರಳಿಟ್ಟು ಆ ದಿಬ್ಬ ತೋರಿಸಿದಳು.

ಮುಂದಿನ ವಾರದ ಬ್ಯಾಚಿನಲ್ಲಿ ಹೆಚ್ಚುವರಿ ದಿಬ್ಬವಿರಲಿಲ್ಲ. ಈ ಸಲ ಮಾತ್ರ ಆಕೆ ವರದಿ ಬರೆಯುವ ಮೊದಲೇ ಮೆಟ್ಟಿಲಿಳಿದು ಹೋಗಿ ಅವನಿಗೆ ಹೇಳಿಬಂದಳು.