ಫರ್ನೇಸ್ ಬಾಗಿಲು ತೆಗೆದ ದಿನ

ಬೆಳಿಗ್ಗೆ ಗ್ಯಾಸ್ ಲೈಟರ್ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಳಗೆ ಕಿಡಿ ಹುಟ್ಟಿಸುವ ಪಿಂಗಾಣಿ ತುಂಡು ಸೀಳಿತ್ತು. ಇದೇ ಜಾತಿಯ ಪಿಂಗಾಣಿಯ ಜೊತೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ನಂಜಮ್ಮ ನೆನಪಾದರು.

ನಂಜಮ್ಮ ನಮ್ಮ ಫ್ಯಾಕ್ಟರಿಯ ಫರ್ನೇಸ್ ನೋಡಿಕೊಳ್ಳುತ್ತಿದ್ದರು. ದಾಸರಹಳ್ಳಿಯ ಹಳೇ ಮನೆತನ. ಹೊಲವಿದ್ದ ಕಡೆ ಬಾಡಿಗೆ ಮನೆಗಳೆದ್ದಿದ್ದರೂ ಸುಮ್ಮನೆ ಕೂರಲಾಗದೆ ಕೆಲಸಕ್ಕೆ ಬರುತ್ತಿದ್ದರು. ನಾವು ಮಾಡುತ್ತಿದ್ದದ್ದು ಒತ್ತಿದರೆ ವಿದ್ಯುತ್ ಹುಟ್ಟಿಸುವ ಬೇರಿಯಂ ಟೈಟನೇಟ್ ಬಿಲ್ಲೆಗಳು. ಪುಡಿಯನ್ನು ಪ್ರೆಸ್ಸಿನಲ್ಲಿ ಒತ್ತಿ, ಸಾವಿರದ ಮುನ್ನೂರು ಡಿಗ್ರಿಯಲ್ಲಿ ಸುಡುವುದು ಸುಲಭ, ತಣಿಸುವುದೇ ಕಷ್ಟ. ಪೆರೋವ್‌ಸ್ಕೈಟ್ ಎಂಬ ಈ ಬಗೆಯ ಆಕ್ಸೈಡಿನ ಹರಳು ಕಾವಿನಲ್ಲಿ ಅಚ್ಚುಕಟ್ಟಾದ ಘನಾಕೃತಿ. ನೂರಿಪ್ಪತ್ತು ಡಿಗ್ರಿಯ ಹತ್ತಿರ ಇಳಿದಾಗ ಒಂದು ದಿಕ್ಕಿಗೆ ತುಸುವೇ ಉದ್ದವಾಗುತ್ತದೆ, ಒಂದೊಂದು ಹರಳು ಒಂದೊಂದು ಕಡೆಗೆ. ನಿಧಾನವಾಗಿ ಇಳಿಸಿದರೆ ಹೊಂದಿಕೊಳ್ಳುತ್ತವೆ, ಅವಸರಿಸಿದರೆ ಬಿಲ್ಲೆ ಸೀಳುತ್ತದೆ.

ಇಷ್ಟು ತಿಳಿಯಲು ನಾನು ಎಂ.ಎಸ್ಸಿ. ಓದಿದೆ. ನಂಜಮ್ಮ, "ಎಂಬತ್ತಕ್ಕೆ ಇಳಿಯೋಗಂಟ ಬಾಗಿಲು ಮುಟ್ಟಬ್ಯಾಡಿ" ಅನ್ನುತ್ತಿದ್ದರು, ಅಷ್ಟೇ.

ಒಮ್ಮೆ ಮಾಲು ಅದೇ ಸಂಜೆ ಹೋಗಬೇಕಿತ್ತು. ಇನ್ನೂರು ಡಿಗ್ರಿಗೇ ತೆಗೆಯಿರಿ ಎಂದರು ಮ್ಯಾನೇಜರ್. ನಂಜಮ್ಮ ನನ್ನ ಮುಖ ನೋಡಿದರು.

"ಇಂಗೆ ತೆಗೆದ್ರೆ ಆಯ್ತದಾ ಸಾರ್? ಓದಿರೋರು ನೀವು. ನೀವು ಹೇಳಿದ್ರೆ ತೆಗೀತೀನಿ."

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. "ತೆಗೀರಿ, ಏನಾಗಲ್ಲ" ಅಂದೆ. ನನ್ನ ಎಂ.ಎಸ್ಸಿ. ಬಾಳಿದ್ದು ಅಷ್ಟು.

ಅರ್ಧಕ್ಕರ್ಧ ಬಿಲ್ಲೆ ಸೀಳಿದವು. ವರದಿ ಬರೆಯುವವನೂ ನಾನೇ. 'ಆಪರೇಟರ್ ಅವಸರದಲ್ಲಿ ಬಾಗಿಲು ತೆಗೆದಿದ್ದಾರೆ' ಎಂದು ಬರೆದೆ. ನಂಜಮ್ಮನವರನ್ನು ಫರ್ನೇಸಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ವರದಿಯಲ್ಲಿ ಏನಿತ್ತೆಂದು ಅವರಿಗೆ ಗೊತ್ತಿಲ್ಲ ಎಂದು ನಂಬಿಕೊಂಡು ನಾನು ನಿವೃತ್ತಿಯವರೆಗೂ ನೆಮ್ಮದಿಯಾಗಿ ಊಟ ಮಾಡಿದೆ. ಇಂಥ ನಂಬಿಕೆ ಎಷ್ಟು ಅನುಕೂಲ ಅಂತ ನಿಮಗೂ ಗೊತ್ತಿರಬಹುದು.

ಇವತ್ತು ಮಧ್ಯಾಹ್ನ ಮೆಟ್ರೋ ಹತ್ತಿ ದಾಸರಹಳ್ಳಿಗೆ ಹೋದೆ. ನಂಜಮ್ಮ ಮನೆ ಮುಂದೆ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು ಕುರ್ಚಿ ಹಾಕಿಸಿದರು. ಕಾಫಿ ಮುಗಿಸಿ ಲೋಟ ಕೆಳಗಿಟ್ಟೆ.

"ಆ ವರದಿ ಬರೆದದ್ದು ನಾನು."

"ಗೊತ್ತು ಸಾರ್," ಎಂದರು, ತಲೆಯೆತ್ತದೆ. "ವಾರದೊಳಗೇ ಗೊತ್ತಾಯ್ತು. ನೀವೇ ಬಂದು ಹೇಳ್ತೀರ ಅಂತ ಕಾದೆ. ಆಮ್ಯಾಕೆ ಕಾಯೋದು ಬಿಟ್ಬುಟ್ಟೆ."

ಬೈಗುಳವಿರಲಿಲ್ಲ ಅದರಲ್ಲಿ. ಹೊರಡುವಾಗ ಮತ್ತೆ ಬನ್ನಿ ಅನ್ನಲೂ ಇಲ್ಲ.

ವಾಪಸ್ ಬರುವಾಗ ಸ್ಟೇಷನ್ ಮೆಟ್ಟಿಲ ಅರ್ಧದಲ್ಲೇ ಕೂತುಬಿಟ್ಟೆ. ಇಳಿದುಬರುತ್ತಿದ್ದ ಹುಡುಗಿಯೊಬ್ಬಳು ನಿಂತು, "ಏನಾಯ್ತು ಅಂಕಲ್?" ಅಂದಳು.

ಸುಸ್ತು ಅಂದೆ.