ಒಲೆಗೊಂದು ಅವರೆಕಾಳು

ಮೂಡಲಪಾಳ್ಯದ ಅಂಚಿನಲ್ಲಿದ್ದ ನಮ್ಮ ಬಡಾವಣೆಯ ಸಂಘಕ್ಕೆ ಬೈಲಾ ಇತ್ತು, ರಬ್ಬರ್ ಸ್ಟಾಂಪ್ ಇತ್ತು, ಆದರೆ ಅಧ್ಯಕ್ಷರನ್ನು ಆರಿಸುತ್ತಿದ್ದದ್ದು ಮಾತ್ರ ಮಡಕೆಯಲ್ಲಿ. ನಗಬೇಡಿ. ಸೈಟುಗಳಾಗುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ಹಳ್ಳಿಯ ಹಿರಿಯರು ಹಾಕಿಕೊಟ್ಟ ಪದ್ಧತಿ ಅದು. ನಿಂತ ಇಬ್ಬರಿಗೆ ಒಂದೊಂದರಂತೆ, ಬಾಯಿಗೆ ಬಟ್ಟೆ ಕಟ್ಟಿದ ಎರಡು ಮಡಕೆ. ಒಂದಕ್ಕೆ ಅರಿಶಿನದ ಗುರುತು, ಇನ್ನೊಂದಕ್ಕೆ ಸುಣ್ಣದ್ದು. ಸ್ವಂತ ಮನೆಯೋ ಬಾಡಿಗೆಯೋ, ಒಲೆ ಹೊತ್ತಿಸುವ ಮನೆಗೊಂದು ಅವರೆಕಾಳು, ಅದೇ ಓಟು. ಕಾಳನ್ನು ಮುಷ್ಟಿಯಲ್ಲಿ ಹಿಡಿದು ಬಟ್ಟೆಯ ಸೀಳಿನೊಳಗೆ ಎರಡೂ ಮಡಕೆಗೆ ಕೈ ಇಳಿಸಬೇಕು, ಯಾವುದೋ ಒಂದರಲ್ಲಿ ಬಿಡಬೇಕು. ಕಾಳು ಸದ್ದು ಮಾಡಿ ಗುಟ್ಟು ರಟ್ಟಾಗದಿರಲಿ ಎಂದು ಮಡಕೆಯಲ್ಲಿ ಅರ್ಧ ರಾಗಿ ತುಂಬಿಸಿಡುತ್ತಿದ್ದೆವು. ಕೊನೆಗೆ ಜರಡಿ ಹಿಡಿದು ಎಣಿಸುವುದು. ಕಾರ್ಯದರ್ಶಿಯೆಂಬ ಪಟ್ಟ ಕಟ್ಟಿಸಿಕೊಂಡ ತಪ್ಪಿಗೆ ಆ ರಾಗಿ ನನ್ನ ಮನೆಯಿಂದಲೇ ಹೋಗುತ್ತಿತ್ತು.

ಮೆಟ್ರೊ ಇನ್ನೂ ಬರೀ ಮಾತಿನಲ್ಲಿ ಓಡಾಡುತ್ತಿದ್ದ ಆ ಕಾಲದಲ್ಲಿ ಒಂದು ಚುನಾವಣೆಗೆ ನಮ್ಮ ಕೇಬಲ್ ಟೀವಿಯವನು ನಿಂತ. ಹಳ್ಳಿಯ ಹಳೇ ಮನೆತನದ ಹುಡುಗ, ಕತ್ತಿನಲ್ಲಿ ಚೈನು, ಬಾಯಲ್ಲಿ ಜೇನು. ಎದುರಾಳಿ ನಮ್ಮ ಹಾಲಿ ಅಧ್ಯಕ್ಷರು, ನಿವೃತ್ತ ಗುಮಾಸ್ತರು. ತುಂಬ ಒಳ್ಳೆಯವರು, ಆದರೆ ಅವರ ಭಾಷಣಕ್ಕೆ ನನಗೇ ಆಕಳಿಕೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ! ಕೇಬಲ್ಲಿನವನೋ, ದಿನಾ ಕಾವೇರಿ ನೀರು ಎಂದ, ಬೀದಿಗೊಂದು ಪಾರ್ಕು ಎಂದ. ಪಾರ್ಕಿಗೆ ಜಾಗ ಎಲ್ಲಪ್ಪಾ ಎಂದು ನಾನು ಕೇಳಿದ್ದಕ್ಕೆ, "ಆಂಟಿ, ನಿಮ್ಗೆ ಮೊದಲ್ನಿಂದ್ಲೂ ನನ್ ಮೇಲೆ ಅನುಮಾನ!" ಎಂದು ಎಲ್ಲರನ್ನೂ ನಗಿಸಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಚುನಾವಣೆಗೆ ಮುಂಚಿನ ಸಭೆಯಲ್ಲಿ ಮೈಕು ಹಿಡಿದು, "ಯಾಕ್ರೀ ಈ ಕಣ್ಣಾಮುಚ್ಚಾಲೆ? ನಾವೆಲ್ಲ ಒಂದೇ ಫ್ಯಾಮಿಲಿ. ಮುಷ್ಟಿ ಮುಚ್ಕೊಳೋರು ಕಳ್ಳರು! ಈ ಸಲ ಅಂಗೈ ತೋರ್ಸಿ, ಒಂದೇ ಮಡಕೆಗೆ ಕೈ ಹಾಕಿ!" ಎಂದ. ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು, ಅದು ಪದ್ಧತಿ ಅಲ್ಲ ಎಂದೆ. "ಬೈಲಾದಲ್ಲಿ ಎಲ್ಲಿದೆ ತೋರ್ಸಿ ಆಂಟಿ" ಎಂದ. ಎಲ್ಲಿ ತೋರಿಸಲಿ, ನನ್ನ ತಲೆ! 'ಮತದಾನದ ಮೂಲಕ' ಎಂದಷ್ಟೇ ಇತ್ತು. ಎರಡೂ ಮಡಕೆಗೆ ಕೈ ಹಾಕಬೇಕೆಂದು ಬರೆದಿಡಬೇಕು ಅಂತ ಯಾರಿಗೂ ಹೊಳೆದಿರಲೇ ಇಲ್ಲ. ಎಲ್ಲರೂ ಹಾಗೆ ಮಾಡುತ್ತಿದ್ದರು, ಅದೇ ಅದರ ಬಲ. ನಮ್ಮ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಹಿಂದಿನ ಬೀದಿಯ ರೊಟ್ಟಿಯವಳು ಬಂದಳು. ಬಾಗಲಕೋಟೆ ಕಡೆಯವಳು. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಳು. ಅವಳ ಮನೆ ಮಾಲೀಕ ಕೇಬಲ್ಲಿನವನ ಬಲಗೈ.

"ಅಕ್ಕಾರ, ಅಂಗೈ ತೋರಿಸಿ ಹಾಕಂದ್ರ ನಮ್ಮ ಓನರ್ ಎದುರಿಗೇ ನಿಂತಿರ್ತಾರ್ರೀ. ಅವರು ಹೇಳಿದ ಮಡಿಕ್ಯಾಗ ಹಾಕ್ಲಿಲ್ಲಂದ್ರ ಮನಿ ಖಾಲಿ ಮಾಡು ಅಂತಾರ. ಹುಡುಗ್ರ ಸಾಲಿ ಇಲ್ಲೇ ಐತಿ. ಎಲ್ಲಿಗೆ ಹೋಗ್ಲಿ?"

"ನೀನು ಹೆದರ್ಬೇಡ, ನಾನಿದೀನಿ" ಎಂದೆ. ನಾನಿದ್ದು ಏನು ಕಡಿಯುತ್ತಿದ್ದೆನೋ ದೇವರಿಗೇ ಗೊತ್ತು.

ಭಾನುವಾರ ಸ್ಕೂಲಿನ ಹಾಲಿನಲ್ಲಿ ಮಡಕೆಗಳನ್ನು ಇಟ್ಟೆವು. ಕೇಬಲ್ಲಿನವನು ಬಿಳಿ ಅಂಗಿ ತೊಟ್ಟು ಮಡಕೆಯ ಪಕ್ಕದಲ್ಲೇ ನಿಂತ, ಆ ಮನೆ ಮಾಲೀಕ ಇನ್ನೊಂದು ಪಕ್ಕ. ರೊಟ್ಟಿಯವಳು ಸಾಲಿನಲ್ಲಿ ಸೆರಗು ಹಿಂಡುತ್ತಿದ್ದಳು. ಮೊದಲ ಕಾಳು ಬಡಾವಣೆಯ ಅತಿ ಹಿರಿಯರದು, ಅದೂ ಪದ್ಧತಿಯೇ. ಆ ಸಲ ಅತಿ ಹಿರಿಯಳೆಂದರೆ ಕೇಬಲ್ಲಿನವನ ತಾಯಿ. ಹಳೇ ಮನೆಯಲ್ಲಿ ತನ್ನದೇ ಒಲೆ ಇಟ್ಟುಕೊಂಡಿದ್ದ ಮುದುಕಿ.

"ಅವ್ವಾ, ಕೈ ಬಿಚ್ಚಿ ಎಲ್ರಿಗೂ ತೋರ್ಸು" ಎಂದ ಮಗ, ಹಾಲಿಗೆಲ್ಲ ಕೇಳುವಂತೆ.

ಅಜ್ಜಿ ಮುಷ್ಟಿ ಬಿಗಿಯಾಗಿಯೇ ಹಿಡಿದು ಅರಿಶಿನದ ಮಡಕೆಗೆ ಮೊಣಕೈವರೆಗೂ ಇಳಿಸಿತು. ತೆಗೆಯಿತು. ಸುಣ್ಣದ ಮಡಕೆಗೂ ಅಷ್ಟೇ ನಿಧಾನವಾಗಿ ಇಳಿಸಿತು.

"ಏನವ್ವಾ ನೀನು!"

"ನಿಮ್ಮಪ್ಪ ನಿಂತಾಗ ಅವರ್ಗೇ ತೋರ್ಸಿಲ್ಲ ಕಣ್ಲಾ, ನಿಂಗೆ ತೋರ್ಸ್ತೀನಾ? ಅತ್ಲಾಗೆ ಸರ್ಕೊ, ಜನ ಬರ್ಲಿ."

ಹಾಲಿಗೆ ಹಾಲೇ ನಕ್ಕಿತು. ಮುಷ್ಟಿ ಮುಚ್ಚಿದವರು ಕಳ್ಳರು ಎಂದು ಇನ್ನು ಯಾವ ಬಾಯಲ್ಲಿ ಹೇಳಿಯಾನು? ಪಾಪ, ಅವನೂ ಪೆಚ್ಚಾಗಿ ನಗುತ್ತ ಕಿಟಕಿಯ ಹತ್ತಿರ ಹೋಗಿ ನಿಂತ. ಹಿಂದೆ ನಿಂತಿದ್ದವರೆಲ್ಲ ಎರಡೂ ಮಡಕೆಗೆ ಕೈ ಹಾಕಿದರು. ಮನೆ ಮಾಲೀಕನೂ ಹಾಕಿದ! ರೊಟ್ಟಿಯವಳು ತನ್ನ ಸರದಿ ಬಂದಾಗ ಎಷ್ಟು ಹೊತ್ತು ತೆಗೆದುಕೊಂಡಳೆಂದರೆ, "ಏನಮ್ಮಾ, ಮುದ್ದೆ ತೊಳಸ್ತಿದೀಯಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೆ ಖುಷಿಗೆ ಕಣ್ಣು ತುಂಬಿ ಬಂತು.

ಜರಡಿ ಹಿಡಿದೆವು. ಕೇಬಲ್ಲಿನವನೇ ಗೆದ್ದ, ಅದೂ ಭರ್ಜರಿಯಾಗಿ. ನನ್ನ ಮುಖ ಸೊಟ್ಟಗಾಯಿತು. ಅವನು ತಂದುಕೊಟ್ಟ ಮೈಸೂರು ಪಾಕನ್ನು ಸೊಟ್ಟ ಮುಖದಲ್ಲೇ ತಿಂದೆ. ಚೆನ್ನಾಗಿತ್ತು.

ಸಂಜೆ ರೊಟ್ಟಿಯವಳು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದಳು. ಮುಖ ಅರಳಿತ್ತು. ನಮ್ಮವರು ಸೋತರಲ್ಲೇ ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳೇ, "ಅಕ್ಕಾರ, ನಾನೂ ಅವರಿಗೇ ಹಾಕೀನ್ರೀ" ಎಂದಳು.

"ಅಯ್ಯೋ ನಿನ್ನ! ಮತ್ತೆ ಅಷ್ಟೊಂದು ಹೆದರಿದ್ದು ಯಾತಕ್ಕೇ?"

"ಓನರ್ ಹೇಳ್ಯಾರಂತ ಹಾಕೂದು ಬ್ಯಾರೆ, ನನಗ ನೀರು ಬೇಕಂತ ಹಾಕೂದು ಬ್ಯಾರೆ ಅಲ್ರೀ?" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ನೀರು ಬರ್ಲಿಲ್ಲಂದ್ರ ಮುಂದಿನ ಸಲ ಬ್ಯಾರೆ ಮಡಿಕಿಗೆ ಹಾಕ್ತೀನಿ. ಅದೂ ಯಾರಿಗೂ ಗೊತ್ತಾಗಂಗಿಲ್ಲ."